ಹೊಳೆ ದಂಡೆಯ ಬಂಗಲೆ, ಒಂದು ಹಳೆಯ ಸಿನಿಮಾ

1

ಕಾರಾಪುರ. ಹೆಗ್ಗಡದೇವನಕೋಟೆ ಸೀಮೆ, ಮೈಸೂರು ಜಿಲ್ಲೆ. ಕಬಿನಿ ಹಿನ್ನೀರಿನ ದಂಡೆ. ಮಹಾರಾಜರ ಕಾಲದ ಬೇಟೆ ಬಂಗಲೆ ಒಂದು, ವೈಸರಾಯ್ ಹೆಸರಿನ ಬಂಗಲೆ ಇನ್ನೊಂದು. ಸುತ್ತ ಈಚಿನ ಕಾಟೇಜುಗಳು. ಎಲ್ಲ ಸೇರಿ ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿ ರಿವರ್ ಲಾಡ್ಜ್. ಮುಂಚಿತವಾಗಿ ಬುಕ್ ಮಾಡಿದರೆ ಯಾರು ಬೇಕಾದರೂ ಉಳಿಯಬಹುದು.

2

ಕಾರಾಪುರದಲ್ಲಿ 1924ರ ಜನವರಿ 27ರಂದು ಮಾವುತನೊಬ್ಬನ ಮನೆಯಲ್ಲಿ ಗಂಡುಮಗು ಹುಟ್ಟಿತು. ಹೆಸರು ಸಾಬು. ಆ ಮಗು ಬೆಳೆದು 39ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕ್ಯಾಲಿಫೋರ್ನಿಯಾದಲ್ಲಿ. ಸಮಾಧಿ ಇರುವುದು ಹಾಲಿವುಡ್ ಗುಡ್ಡದ ಸ್ಮಶಾನದಲ್ಲಿ.

3

ನಮ್ಮದು ಚಿಕ್ಕಬಳ್ಳಾಪುರ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ನದಿಗಳ ಹೆಸರು ಶಾಲೆಯಲ್ಲಿ ಬಾಯಿಪಾಠವಾಗಿತ್ತು: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್. ಹುಟ್ಟುವುದು ನಮ್ಮಲ್ಲಿ, ಹರಿಯುವುದು ಬೇರೆ ಕಡೆ. ಗೌರಿಬಿದನೂರಿನಲ್ಲಿ ಪಿನಾಕಿನಿಗೆ ಸೇತುವೆ ಇದೆ. ಮಳೆ ಹೆಚ್ಚಾದ ವರ್ಷ ನೀರು ಬಂದರೆ ಜನ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ಸೇತುವೆ ಮೇಲೆ ನಿಂತು ನೋಡುತ್ತಾರೆ. ಅರಿಸಿನ ಕುಂಕುಮ ಹಾಕಿ ಬಾಗಿನ ಬಿಡುತ್ತಾರೆ. ಉಳಿದ ವರ್ಷ ಅದು ಮರಳು ಮತ್ತು ಜಾಲಿ.

ಹೊಳೆ ದಂಡೆಯಲ್ಲಿ ಮನೆ ಕಟ್ಟಿಕೊಂಡು ಹೊಳೆ ನೋಡುತ್ತ ಕೂರುವುದು ನಮ್ಮ ಕಡೆ ರೂಢಿಯಲ್ಲಿಲ್ಲ.

4

ಕಾರಾಪುರದಲ್ಲಿದ್ದಾಗ ಶಿಡ್ಲಘಟ್ಟದಿಂದ ಚಿಕ್ಕಮ್ಮನ ಫೋನ್.

"ಹೊಳೇಲಿ ನೀರೈತೇನೋ?"

"ಐತೆ ಚಿಕ್ಕಮ್ಮ."

"ಎಷ್ಟೈತೆ?"

"ಆಚೆ ದಡ ಸರಿಯಾಗಿ ಕಾಣಿಸ್ತಿಲ್ಲ."

ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹತ್ರ ಹೋಗ್ಬೇಡ" ಎಂದರು.

5

ಬಂಗಲೆಯ ಚಾವಣಿ ಎತ್ತರ, ಜಗಲಿ ಅಗಲ. ಜಗಲಿಯ ಕುರ್ಚಿಗಳೆಲ್ಲ ನೀರಿಗೆ ಮುಖ ಮಾಡಿವೆ. ಗೋಡೆಯಲ್ಲಿ ಕಪ್ಪುಬಿಳುಪು ಫೋಟೊಗಳು: ಆನೆ ಹಿಡಿಯುವ ಖೆಡ್ಡಾ, ಬೇಟೆ, ಟೊಪ್ಪಿಯ ಸಾಹೇಬರು. ಇಂಥ ಫೋಟೊಗಳ ಕೆಳಗೆ ಸಾಹೇಬರ ಹೆಸರು ಇರುತ್ತದೆ. ಸತ್ತ ಹುಲಿಯ ಉದ್ದ ಇರುತ್ತದೆ. ಆನೆಯ ಕತ್ತಿನ ಮೇಲೆ ಕೂತವನ ಹೆಸರು ಇರುವುದಿಲ್ಲ.

6

ಕತ್ತಲಾದ ಮೇಲೆ ನೀರಿನ ಕಡೆ ಇಳಿಯಬಾರದು ಎಂದು ಬಂದ ಕೂಡಲೇ ಹೇಳುತ್ತಾರೆ.

7

ಕಣ್ಣಿಗೆ ಕಾಣುವ ನೀರು ನದಿಯಲ್ಲ. ಕಬಿನಿ ವಯನಾಡಿನಲ್ಲಿ ಹುಟ್ಟಿ, ಇಲ್ಲಿ ಹಾದು, ನಂಜನಗೂಡು ಮುಟ್ಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. 1974ರಲ್ಲಿ ಕೆಳಗಡೆ ಅಣೆಕಟ್ಟು ಮುಗಿಯಿತು. 19.52 ಟಿಎಂಸಿ ನೀರು ಹಿಡಿಯುತ್ತದೆ. ಗರಿಷ್ಠ ಮಟ್ಟ 2,284 ಅಡಿ. ನೀರು ಹಿಂದಕ್ಕೆ ಹರಡಿ ಹಳ್ಳಿಗಳನ್ನೂ ಕಾಕನಕೋಟೆ ಕಾಡಿನ ತಗ್ಗನ್ನೂ ಮುಚ್ಚಿತು. ಖೆಡ್ಡಾ ನಡೆಯುತ್ತಿದ್ದ ಜಾಗ ಈಗ ಅದರ ಅಡಿಯಲ್ಲಿದೆ.

8

ಬೋಟಿನಲ್ಲಿ ಹೋಗುವಾಗ ನೀರಿನಿಂದ ಎದ್ದ ಒಣ ಬೊಡ್ಡೆಗಳು ಸಿಗುತ್ತವೆ. ತೊಗಟೆ ಇಲ್ಲ, ಕೊಂಬೆ ಇಲ್ಲ, ಬಣ್ಣ ಬೂದಿ. ಒಂದೊಂದರ ಮೇಲೂ ಒಂದೊಂದು ನೀರುಕಾಗೆ ರೆಕ್ಕೆ ಹರವಿ ಒಣಗಿಸುತ್ತ ಕೂತಿರುತ್ತದೆ. ಬೋಟಿನವನು ಎಂಜಿನ್ ನಿಲ್ಲಿಸಿದ. ಬೊಡ್ಡೆಯೊಂದನ್ನು ಕೈಯಿಂದ ಮುಟ್ಟಬಹುದಾಗಿತ್ತು. ನೀರಿನ ಮಟ್ಟ ಏರಿಳಿದ ಗುರುತು ಸುತ್ತಲೂ ಗೆರೆಗೆರೆಯಾಗಿ ಉಳಿದಿತ್ತು. ಬಿರುಕಿನಲ್ಲಿ ಹುಲ್ಲು ಹುಟ್ಟಿತ್ತು. ಅಣೆಕಟ್ಟಿಗೂ ಮೊದಲಿನ ಕಾಡು ಇದು, ನಿಂತಲ್ಲೇ ಸತ್ತದ್ದು.

"ಬ್ಯಾಸ್ಗೇಲಿ ಬನ್ನಿ ಸಾ," ಎಂದ ಬೋಟಿನವನು. "ನೀರ್ ಇಳೀತದೆ, ಹುಲ್ ಬತ್ತದೆ, ಆನೆ ಬತ್ತವೆ."

ಮೂರು ಕ್ರಿಯಾಪದಗಳಲ್ಲಿ ಹಿನ್ನೀರಿನ ವರ್ಷ ಮುಗಿಯಿತು. ಬಂಡೀಪುರ, ನಾಗರಹೊಳೆ, ವಯನಾಡು ಕಡೆಯ ಆನೆಗಳು ಬೇಸಿಗೆಯಲ್ಲಿ ಈ ಬಯಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ಜಾಗ ಅಪರೂಪ. ಅವು ಮೇಯುವುದು ಮುಳುಗಿದ ಕಾಡಿನ ನೆಲದಲ್ಲಿ ಬೆಳೆದ ಹುಲ್ಲನ್ನು. ಹಿಂದೆ ಆನೆಗಳನ್ನು ಹಿಡಿಯುತ್ತಿದ್ದ ಕಡೆಯೇ ಇದು.

9

ಖೆಡ್ಡಾ ಹೀಗೆ. ಕಾಡಿನಲ್ಲಿ ಆನೆ ಹಿಂಡಿನ ಜಾಡು ಹಿಡಿಯುವವರು ಕುರುಬರು. ನೂರಾರು ಜನ ಸಾಲು ಕಟ್ಟಿ, ತಮಟೆ, ಬೆಂಕಿ, ಕೋವಿ ಸದ್ದಿನಿಂದ ಹಿಂಡನ್ನು ದಿನಗಟ್ಟಲೆ ಹೊಳೆ ಕಡೆಗೆ ಸೋವುತ್ತಾರೆ. ಹಿಂಡು ಹೊಳೆ ದಾಟುತ್ತದೆ. ಮರಿಗಳು ತಾಯಂದಿರ ಪಕ್ಕ ಈಜುತ್ತವೆ. ಆಚೆ ದಡದಲ್ಲಿ ಕಂದಕ, ದಿಮ್ಮಿಗಳ ಬೇಲಿ. ಬಾಗಿಲು ಬೀಳುತ್ತದೆ. ಪಳಗಿದ ಕುಮ್ಕಿ ಆನೆಗಳು ಒಳಗೆ ಹೋಗುತ್ತವೆ, ಅವುಗಳ ಮರೆಯಲ್ಲಿ ಮಾವುತರು ಇಳಿದು ಕಾಡಾನೆಯ ಹಿಂಗಾಲಿಗೆ ಹಗ್ಗ ಬಿಗಿಯುತ್ತಾರೆ.

ಇದನ್ನು ನೋಡಲು ಅತಿಥಿಗಳಿಗೆ ಅಟ್ಟಣೆ ಕಟ್ಟುತ್ತಿದ್ದರು. ವೈಸರಾಯ್‌ಗಳು, ಯುರೋಪಿನ ರಾಜಕುಮಾರರು ಬಂದು ಕೂತು ನೋಡಿದರು. ಮುಗಿದ ಮೇಲೆ ಆನೆಗಳ ಹರಾಜು: ದೇವಸ್ಥಾನಗಳಿಗೆ, ಮರದ ವ್ಯಾಪಾರಿಗಳಿಗೆ, ಬೇರೆ ಸಂಸ್ಥಾನಗಳಿಗೆ.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ. ಮರು ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

10

ಮೈಸೂರಿನಲ್ಲಿ ಖೆಡ್ಡಾ ಶುರು ಮಾಡಿದವನು ಜಿ. ಪಿ. ಸ್ಯಾಂಡರ್ಸನ್. ಅವನ ಮೂಲ ಕೆಲಸ ಕಾಲುವೆ ನೋಡಿಕೊಳ್ಳುವುದು. 1873ರಲ್ಲಿ ಚಾಮರಾಜನಗರದ ಕಡೆ ಆನೆ ಹಿಡಿಯುವ ಕೆಲಸಕ್ಕೆ ಇಳಿದ. ಮುಂದೆ ಬಂಗಾಳ ಸರ್ಕಾರ ಅವನನ್ನು ತನ್ನ ಖೆಡ್ಡಾಗಳಿಗೆ ಕರೆಸಿಕೊಂಡಿತು. 1878ರಲ್ಲಿ ಕಾಡುಪ್ರಾಣಿಗಳ ನಡುವೆ ತಾನು ಕಳೆದ 13 ವರ್ಷಗಳ ಬಗ್ಗೆ ಪುಸ್ತಕ ಬರೆದ.

ರುಡ್ಯಾರ್ಡ್ ಕಿಪ್ಲಿಂಗ್‌ನ ಕತೆಯೊಂದರಲ್ಲಿ ತೂಮಾಯಿ ಎಂಬ ಮಾವುತನ ಮಗ ಬರುತ್ತಾನೆ. ಆನೆ ಹಿಡಿಸುವ ಪೀಟರ್ಸನ್ ಸಾಹೇಬನೂ ಬರುತ್ತಾನೆ. ಪೀಟರ್ಸನ್‌ಗೆ ಸ್ಯಾಂಡರ್ಸನ್ನೇ ಮಾದರಿ ಎಂದು ಕಿಪ್ಲಿಂಗ್ ಬಲ್ಲವರು ಹೇಳುತ್ತಾರೆ. ಕತೆ ನಡೆಯುವುದು ಗಾರೋ ಬೆಟ್ಟಗಳಲ್ಲಿ. 1894ರ 'ಜಂಗಲ್ ಬುಕ್' ಸಂಪುಟದಲ್ಲಿ ಆ ಕತೆ ಇದೆ.

ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅದನ್ನು ಸಿನಿಮಾ ಮಾಡಲು ಹೊರಟಾಗ ಆರಿಸಿಕೊಂಡದ್ದು ಗಾರೋ ಬೆಟ್ಟಗಳನ್ನಲ್ಲ. ಮೈಸೂರನ್ನು.

11

1935. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಅಮೆರಿಕದವನು. ಉತ್ತರ ಧ್ರುವದ ಕಡೆಯ ಜನರ ಬಗ್ಗೆ 1922ರಲ್ಲಿ 'ನಾನೂಕ್' ಮಾಡಿ ಹೆಸರಾಗಿದ್ದ. ಮಂಜಿನಲ್ಲಿ, ಸಮುದ್ರದಲ್ಲಿ ಕೆಲಸ ಮಾಡಿದವನಿಗೆ ಈ ಸಲ ಕಾಡು. ನಾಲ್ವಡಿ ಕೃಷ್ಣರಾಜ ಒಡೆಯರು ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟರು. ಆನೆಗಳನ್ನು ಕೊಟ್ಟರು. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸೆಸ್ ಇಲ್ಲಿಂದ ಮನೆಗೆ ಬರೆದ ಪತ್ರಗಳು 1937ರಲ್ಲಿ 'ಎಲಿಫೆಂಟ್ ಡ್ಯಾನ್ಸ್' ಎಂಬ ಪುಸ್ತಕವಾದವು.

ತೂಮಾಯಿ ಪಾತ್ರಕ್ಕೆ ಫ್ಲಾಹರ್ಟಿಗೆ ಹುಡುಗ ಬೇಕಿತ್ತು. ಸಾಬು ಸಿಕ್ಕಿದ್ದು ಅರಮನೆಯ ಆನೆ ಲಾಯದಲ್ಲಿ. ತಂದೆ ತೀರಿಕೊಂಡಿದ್ದರು. ವಯಸ್ಸು ಸುಮಾರು 11.

12

ಆನೆಯೂ ಸಿಕ್ಕಿತು. ಹೆಸರು ಐರಾವತ. ಸಿನಿಮಾದಲ್ಲಿ ಕಾಲಾ ನಾಗ್. ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆಗಳ ಪಟ್ಟಿಯನ್ನು ಮೈಸೂರಿನವರು ಹೇಳುವಾಗ ಐರಾವತನ ಹೆಸರೂ ಬರುತ್ತದೆ.

ಅದೇ ಪಟ್ಟಿಯಲ್ಲಿ ಮುಂದೆ ರಾಜೇಂದ್ರ ಬರುತ್ತಾನೆ. ಅವನು 1973ರ 'ಗಂಧದ ಗುಡಿ'ಯಲ್ಲಿದ್ದ ಆನೆ ಎನ್ನುತ್ತಾರೆ.

13

1936ರ ಮೇ. ಫ್ಲಾಹರ್ಟಿಯ ತಂಡ ಮೈಸೂರು ಸಂಸ್ಥಾನದಲ್ಲಿತ್ತು. ಅದೇ ತಿಂಗಳು ಅದೇ ಸಂಸ್ಥಾನದ ನಂದಿಬೆಟ್ಟದಲ್ಲಿ ಗಾಂಧೀಜಿ ವಿಶ್ರಾಂತಿಗೆ ತಂಗಿದ್ದರು. 1927ರಲ್ಲೂ ಅಲ್ಲಿಗೇ ಬಂದಿದ್ದರು. ಅವರಿದ್ದದ್ದು ಕಬ್ಬನ್ ಬಂಗಲೆಯಲ್ಲಿ, ಈಗಲೂ ಇದೆ.

ಸಿನಿಮಾ ಬಗ್ಗೆ ಸರ್ಕಾರದ ಸಮಿತಿಯೊಂದು ಪ್ರಶ್ನಾವಳಿ ಕಳಿಸಿದಾಗ ಗಾಂಧೀಜಿ ತಾವು ಸಿನಿಮಾಕ್ಕೆ ಹೋದವರೇ ಅಲ್ಲ ಎಂದು ಉತ್ತರ ಕೊಟ್ಟಿದ್ದರು. 1931ರಲ್ಲಿ ಲಂಡನ್ನಿನಲ್ಲಿ ಚಾರ್ಲಿ ಚಾಪ್ಲಿನ್ ಬಂದು ಅವರನ್ನು ಕಂಡ.

14

ಆ ಸಿನಿಮಾ, 'ಎಲಿಫೆಂಟ್ ಬಾಯ್', 1937ರಲ್ಲಿ ತೆರೆಕಂಡಿತು. ಮೈಸೂರಿನ ರೀಲುಗಳಿಗೆ ಕತೆ ಸಾಲದೆಂದು ಉಳಿದ ದೃಶ್ಯಗಳನ್ನು ಲಂಡನ್ನಿನ ಹತ್ತಿರದ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ನಿರ್ಮಾಪಕನ ತಮ್ಮ ಜೋಲ್ಟಾನ್ ಕೋರ್ಡಾ ತೆಗೆದ. ಪೀಟರ್ಸನ್ ಸಾಹೇಬ, ಮಾಚುವಾ ಅಪ್ಪ, ತೂಮಾಯಿಯ ತಂದೆ: ಈ ಪಾತ್ರಗಳಿಗೆಲ್ಲ ಇಂಗ್ಲೆಂಡಿನ ನಟರು. ಹುಡುಗನನ್ನು ಹಡಗಿನಲ್ಲಿ ಕರೆಸಿಕೊಂಡರು, ಜೊತೆಗೆ ಅಣ್ಣ. ಹೀಗೆ ಒಂದೇ ಕಾಡಿನ ಅರ್ಧ ಕಬಿನಿಯ ದಂಡೆಯಲ್ಲಿದೆ, ಅರ್ಧ ಇಂಗ್ಲೆಂಡಿನಲ್ಲಿದೆ.

ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಫ್ಲಾಹರ್ಟಿ, ಜೋಲ್ಟಾನ್ ಇಬ್ಬರಿಗೂ ಬಂತು.

15

ಚಿತ್ರದ ಮೊದಲಲ್ಲಿ ಹುಡುಗ ಕ್ಯಾಮೆರಾ ಕಡೆ ತಿರುಗಿ ತಾನೇ ಕತೆ ಶುರು ಮಾಡುತ್ತಾನೆ. ತಲೆಗೆ ರುಮಾಲು. ಇಂಗ್ಲಿಷನ್ನು ಒಂದೊಂದೇ ಪದ ಇಟ್ಟು ನಡೆಸುತ್ತಾನೆ. ಮಾತಿನ ಕೊನೆಗೆ ನಗು ಬರುತ್ತದೆ. ತಡೆಯುವುದಿಲ್ಲ.

ಆನೆ ಹತ್ತುವಾಗ ಮಾತ್ರ ಕ್ಯಾಮೆರಾ ಇದೆ ಎಂಬುದು ಅವನಿಗೆ ನೆನಪಿರುವಂತೆ ಕಾಣುವುದಿಲ್ಲ. ಸೊಂಡಿಲಿಗೆ ಪಾದ ಇಡುತ್ತಾನೆ. ಆನೆ ಎತ್ತುತ್ತದೆ. ಅಷ್ಟರಲ್ಲಿ ಕುತ್ತಿಗೆ ಮೇಲಿರುತ್ತಾನೆ. ಕೈ ಕಿವಿ ಹಿಡಿದಿರುತ್ತದೆ. ಇದಕ್ಕೆ ನಿರ್ದೇಶಕ ಬೇಕಾಗಿಲ್ಲ.

16

ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಬಳ್ಳೆ ಆನೆ ಶಿಬಿರ. ಸಂಜೆ 6ರಿಂದ ಬೆಳಗಿನ 6ರವರೆಗೆ ಈ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ಹಗಲಲ್ಲಿ ಹೋದರೆ ಆನೆಗೆ ಸ್ನಾನ ಮಾಡಿಸುವುದು ಕಾಣುತ್ತದೆ. ಮಾವುತನ ಸಹಾಯಕ ಕಾವಾಡಿ ತೆಂಗಿನ ನಾರಿನಿಂದ ಉಜ್ಜುತ್ತಾನೆ. ಕಿವಿಯ ಹಿಂದಿನ ಚರ್ಮಕ್ಕೆ ಬಂದಾಗ ಕೈ ನಿಧಾನವಾಗುತ್ತದೆ. ಸವಾರಿಯಲ್ಲಿ ಮಾವುತನ ಕಾಲ್ಬೆರಳು ಅಲ್ಲೇ ಕೂರುವುದು. ಎಡಗಾಲು ಒತ್ತಿದರೆ ಒಂದು ಅರ್ಥ, ಬಲಗಾಲು ಒತ್ತಿದರೆ ಇನ್ನೊಂದು.

"ಎಷ್ಟು ವರ್ಷಕ್ಕೆ ಕಲಿತಿರಿ?" ಎಂದು ಕೇಳಿದೆ.

"ಕಲ್ಯದೇನ್ ಬುದ್ಧಿ," ಎಂದ. "ನಮ್ಮಪ್ಪನ್ ಮುಂದ್ಗಡೆ ಕುಂತಿದ್ದಿ."

17

ಅರ್ಜುನ ಬಳ್ಳೆ ಶಿಬಿರದ ಆನೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. 2012ರಿಂದ 2019ರವರೆಗೆ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ದಾಳಿಗೆ ಸತ್ತ.

ಹಿಡಿದು ತಂದ ಆನೆ ಸತ್ತದ್ದು ಇನ್ನೊಂದನ್ನು ಹಿಡಿಯಲು ಹೋದಾಗ.

18

ಕಾಕ ಎಂಬ ಕುರುಬ ನಾಯಕನಿಂದ ಕಾಕನಕೋಟೆಗೆ ಹೆಸರು ಬಂತು ಎನ್ನುತ್ತಾರೆ. ಅವನ ಮೇಲೆ ನಾಟಕ ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. 1977ರಲ್ಲಿ ಸಿ. ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು. ಮಾಸ್ತಿಯವರು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರು. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ. ಬಯಲುಸೀಮೆಯ ಒಬ್ಬರು ಈ ಕಾಡಿನ ಬಗ್ಗೆ ಬರೆದರು. ಅಣೆಕಟ್ಟು ಮುಗಿದಾಗ ಅವರಿನ್ನೂ ಇದ್ದರು.

19

ಕಾಡಿನೊಳಗಿದ್ದ ಜೇನುಕುರುಬರ ಹಾಡಿಗಳಲ್ಲಿ ಎಷ್ಟೋ ಈಗ ಕಾಡಿನ ಹೊರಗಿವೆ. ರಸ್ತೆ ಪಕ್ಕ, ಸಾಲಾಗಿ, ಒಂದೇ ಅಳತೆಯ ಮನೆಗಳು. ಕೆಲವರು ಕಾಡಿಗೆ ಹೋಗುವುದು ಆನೆ ಶಿಬಿರದ ಕೆಲಸಕ್ಕೆ, ಅರಣ್ಯ ಇಲಾಖೆಯ ವಾಚರ್ ಕೆಲಸಕ್ಕೆ. ಸಫಾರಿ ಜೀಪು ಅವರ ಮನೆಗಳ ಮುಂದೆ ಹಾದು ಒಳಗೆ ಹೋಗುತ್ತದೆ.

20

ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಮೊದಲ ತಾಣವೇ ಈ ಲಾಡ್ಜ್. ಇದನ್ನು ಕಟ್ಟಿ ಬೆಳೆಸಿದವರಲ್ಲಿ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಬ್ಬರು. 1916ರಲ್ಲಿ ಗಯಾದಲ್ಲಿ ಹುಟ್ಟಿದ ಇಂಗ್ಲಿಷರು. ಮೊದಲು ಬೇಟೆಗಾರ, ಆಮೇಲೆ ಕಾಡು ಕಾಯುವವರ ಪರ. ಕೊನೆಯವರೆಗೂ ಕಬಿನಿಯಲ್ಲೇ ಇದ್ದರು. ತೀರಿಕೊಂಡದ್ದು 2010ರಲ್ಲಿ. ಇಲ್ಲಿನವರು ಅವರನ್ನು ಪಾಪಾ ಎನ್ನುತ್ತಿದ್ದರು.

ಇಂಗ್ಲಿಷ್ ಮನೆತನದವರೊಬ್ಬರು ಕಾರಾಪುರಕ್ಕೆ ಬಂದು ಇಲ್ಲೇ ಉಳಿದರು. ಕಾರಾಪುರದ ಹುಡುಗ ಇಂಗ್ಲೆಂಡಿಗೆ ಹೋದವನು ಅಲ್ಲಿಂದಲೂ ಮುಂದೆ ಹೋದ.

21

ಸಾಬು ಆಮೇಲೆ ನಟಿಸಿದ ಚಿತ್ರಗಳು, ಅವುಗಳ ಜಾಗಗಳು:

'ದಿ ಡ್ರಮ್', 1938. ಕತೆ ವಾಯವ್ಯ ಗಡಿನಾಡಿನದು. ಬೆಟ್ಟಗಳು ಬಹುಪಾಲು ವೇಲ್ಸ್‌ನವು.

'ದಿ ಥೀಫ್ ಆಫ್ ಬಾಗ್ದಾದ್', 1940. ಇಂಗ್ಲೆಂಡಿನಲ್ಲಿ ಶುರುವಾಯಿತು. ಯುದ್ಧ ಬಂದದ್ದರಿಂದ ಅಮೆರಿಕದಲ್ಲಿ ಮುಗಿಯಿತು. ಮೂರು ಆಸ್ಕರ್ ಬಂತು. ಸಾಬು ಅಮೆರಿಕದಲ್ಲಿ ನೆಲೆ ನಿಂತದ್ದು ಈ ಚಿತ್ರದಿಂದ.

'ಜಂಗಲ್ ಬುಕ್', 1942. ಮೌಗ್ಲಿ ಸಾಬು. ಕಾಡು ಕ್ಯಾಲಿಫೋರ್ನಿಯಾದ್ದು.

'ಅರೇಬಿಯನ್ ನೈಟ್ಸ್', ಅದೇ ವರ್ಷ. 'ಕೋಬ್ರಾ ವುಮನ್', 1944.

'ಬ್ಲ್ಯಾಕ್ ನಾರ್ಸಿಸಸ್', 1947. ಕತೆ ಹಿಮಾಲಯದ್ದು. ಹಿಮಾಲಯವನ್ನು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಗಾಜಿನ ಮೇಲೆ ಬಣ್ಣದಲ್ಲಿ ಬರೆದರು. ಛಾಯಾಗ್ರಹಣಕ್ಕೆ ಆಸ್ಕರ್.

22

1944ರಲ್ಲಿ ಅಮೆರಿಕದ ಪೌರ. ಕಾಗದಗಳಲ್ಲಿ ಸಾಬು ದಸ್ತಗೀರ್. ದಸ್ತಗೀರ್ ಅಣ್ಣನ ಹೆಸರು.

ಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಸೇರಿದ. ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್. ಪೆಸಿಫಿಕ್ ಮೇಲೆ ಹಾರಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು.

ಅದೇ ಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ರೇಷ್ಮೆಗೆ ಪ್ಯಾರಾಶೂಟ್ ಬಟ್ಟೆಗಾಗಿ ಬೇಡಿಕೆ ಏರಿತ್ತು. ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳ ಹಿರಿಯರಿಗೆ ಯುದ್ಧ ಎಂದರೆ ಗೂಡಿನ ರೇಟು.

23

1948ರಲ್ಲಿ ಮದುವೆ. ಇಬ್ಬರು ಮಕ್ಕಳು. 1950ರ ದಶಕದಲ್ಲಿ ಪಾತ್ರಗಳು ಕಡಿಮೆಯಾದವು. ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ಇಟಲಿಗೆ ಹೋಗಿ ವಿಟ್ಟೋರಿಯೊ ಡಿ ಸಿಕಾ ಜೊತೆ ಒಂದು ಚಿತ್ರದಲ್ಲಿ ನಟಿಸಿದ. ಅದರಲ್ಲೂ ಒಂದು ಆನೆ ಇದೆ.

24

ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಸಾಬುವನ್ನು ಆರಿಸಿದ್ದರು. ಅಮೆರಿಕದ ಪೌರನಾದ್ದರಿಂದ ಭಾರತದಲ್ಲಿ ಕೆಲಸ ಮಾಡಲು ಪರವಾನಗಿ ಬೇಕಿತ್ತು. ಸಿಗಲಿಲ್ಲ. ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು. ಚಿತ್ರ 1957ರಲ್ಲಿ ಬಂತು.

ಈ ಟಿಪ್ಪಣಿಗಳಲ್ಲಿ ನನಗೆ ಹೆಚ್ಚು ಸಂಕಟ ಕೊಟ್ಟದ್ದು ಇದು. ಕಾರಾಪುರದಲ್ಲಿ ಹುಟ್ಟಿದವನಿಗೆ ಬೊಂಬಾಯಿಯಲ್ಲಿ ಕೆಲಸ ಮಾಡಲು ಒಂದು ಕಾಗದ ಬರಲಿಲ್ಲ.

25

ಸಾವು 1963ರ ಡಿಸೆಂಬರ್ 2. ಹೃದಯಾಘಾತ. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್', ಡಿಸ್ನಿ ಕಂಪನಿಯದು, ಮರು ವರ್ಷ ಬಿಡುಗಡೆಯಾಯಿತು. ಹಾಲಿವುಡ್ ರಸ್ತೆಯ ಕಲ್ಲುಹಾಸಿನ ನಕ್ಷತ್ರಗಳಲ್ಲಿ ಅವನ ಹೆಸರಿನದೂ ಒಂದಿದೆ.

26

ಊಟದ ಮನೆಗೆ ಇಲ್ಲಿ ಗೋಲ್ ಘರ್ ಎನ್ನುತ್ತಾರೆ. ಸುತ್ತ ಗೋಡೆ ಇಲ್ಲ. ರಾತ್ರಿ ಊಟಕ್ಕೆ ಕೂತವರ ಮಾತು ಒಂದೇ: ಯಾರಿಗೆ ಏನು ಕಾಣಿಸಿತು. ಕರಿ ಚಿರತೆ ಕಂಡವರ ಮೇಜಿಗೆ ಬೇರೆಯವರು ಎದ್ದು ಹೋಗುತ್ತಾರೆ. ಫೋನು ಕೈಯಿಂದ ಕೈಗೆ ಹೋಗುತ್ತದೆ. ಸಾಬು ಎಂಬ ನಟನ ಬಗ್ಗೆ ಪಕ್ಕದವರನ್ನು ಕೇಳಿದೆ. ಅವರು ಬೆಂಗಳೂರಿನವರು, ಓದಿಕೊಂಡವರು, ಹಳೆಯ ಸಿನಿಮಾ ನೋಡುವವರು. 'ಥೀಫ್ ಆಫ್ ಬಾಗ್ದಾದ್' ನೋಡಿದ್ದರು. ಅದರ ಕಳ್ಳ ಹುಡುಗ ಇದೇ ಊರಿನವನೆಂದರೆ ನಂಬಲಿಲ್ಲ. ಫೋನಿನಲ್ಲಿ ಹುಡುಕಿ ನೋಡಿ, ಹೆಂಡತಿಯನ್ನು ಕರೆದು ತೋರಿಸಿದರು. ಆ ರಾತ್ರಿ ಆ ಮೇಜಿನಲ್ಲಿ ಚಿರತೆಯ ಮಾತು ನಿಂತಿತು.

27

1938ರ ಏಪ್ರಿಲ್ 25. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಉತ್ತರ ಪಿನಾಕಿನಿಯ ದಂಡೆ. ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. 'ಎಲಿಫೆಂಟ್ ಬಾಯ್' ತೆರೆಕಂಡು ಒಂದು ವರ್ಷವಾಗಿತ್ತು. ಸಂಸ್ಥಾನ ಒಂದೇ. ಹೊಳೆ ಎರಡು.

28

ಅರ್ಕಾವತಿಯ ದಾರಿ ಬರೆದಿಟ್ಟುಕೊಂಡಿದ್ದೇನೆ. ನಂದಿಬೆಟ್ಟ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ, ಸಂಗಮ.

ರಾಮನಗರ ಸೀಮೆಯ ಬಂಡೆಬೆಟ್ಟಗಳಿಗೆ ಡೇವಿಡ್ ಲೀನ್ ಬಂದಿದ್ದ. 'ಎ ಪ್ಯಾಸೇಜ್ ಟು ಇಂಡಿಯಾ', 1984. ಕತೆಯಲ್ಲಿ ಅವು ಬಿಹಾರದ ಕಡೆಯ ಗುಹೆಗಳು. ಲೀನ್‌ನ ಕೊನೆಯ ಚಿತ್ರ ಅದು. ರಾಮನಗರದಲ್ಲೂ ಶಿಡ್ಲಘಟ್ಟದ ಹಾಗೆ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ.

ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 2016ರ ನವೆಂಬರ್ 7ರಂದು ಕನ್ನಡ ಚಿತ್ರವೊಂದರ ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ಸತ್ತರು. ಚಿತ್ರದ ಹೆಸರು 'ಮಾಸ್ತಿಗುಡಿ'. ಮಾಸ್ತಿಗುಡಿ ಎಂಬ ಜಾಗ ಇರುವುದು ಇಲ್ಲಿ, ಕಬಿನಿ ಹಿನ್ನೀರಿನ ಅಂಚಿನಲ್ಲಿ.

29

ಇನ್ನೊಂದು ದಾರಿ. ಇದನ್ನು ಜಗಲಿಯಲ್ಲಿ ಕೂತು ಕಾಗದದ ಮೇಲೆ ಬಿಡಿಸಿ ನೋಡಿದೆ, ಬಿಡಿಸಿದ ಮೇಲೂ ಅಚ್ಚರಿ ಹೋಗಲಿಲ್ಲ.

ಕಾರಾಪುರದ ನೀರು ಅಣೆಕಟ್ಟು ದಾಟಿ ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಕೆಳಗೆ ಶಿವ ಅಣೆಕಟ್ಟಿನಿಂದ ಬೆಂಗಳೂರಿಗೆಂದು ನೀರು ತೆಗೆಯುತ್ತಾರೆ. ಅದು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಪಂಪಿನಲ್ಲಿ ಮೇಲೆ ಹತ್ತಿ, ಬೆಂಗಳೂರಿನ ನಲ್ಲಿಗಳಿಗೆ ಬರುತ್ತದೆ. ನಲ್ಲಿಯಿಂದ ಪಾತ್ರೆಗೆ, ಬಚ್ಚಲಿಗೆ, ಚರಂಡಿಗೆ. ಹೆಬ್ಬಾಳ, ನಾಗವಾರ ಕಣಿವೆಗಳಿಗೆ ಇಳಿದ ಕೊಳಚೆಯನ್ನು ಸಂಸ್ಕರಿಸುತ್ತಾರೆ. ಅಲ್ಲಿಂದ ಎಚ್.ಎನ್. ವ್ಯಾಲಿ ಯೋಜನೆಯ ಪೈಪುಗಳು ಹೊರಡುತ್ತವೆ. ಅವು ಬರುವುದು ನಮ್ಮ ಜಿಲ್ಲೆಯ ಕೆರೆಗಳಿಗೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದು ಈ ನೀರಿನಿಂದ.

ಕುಡಿಯಲು ಅಲ್ಲ, ಅಂತರ್ಜಲ ಏರಲಿ ಎಂದು. ಕೊಳವೆಬಾವಿಗಳಲ್ಲಿ ನೀರು ಬಂತೆಂದು ಹೇಳುವ ರೈತರಿದ್ದಾರೆ. ಇನ್ನೂ ಒಂದು ಹಂತ ಸಂಸ್ಕರಿಸಿ ಕೊಡಿ ಎಂದು ಹೋರಾಡುವವರೂ ಇದ್ದಾರೆ. ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ.

ಕಂದವಾರ ಕೆರೆ ಏರಿಯ ಮೇಲೆ ಸಂಜೆ ಜನ ವಾಕಿಂಗ್ ಮಾಡುತ್ತಾರೆ. ನೀರು ನೋಡಲು ನಿಲ್ಲುತ್ತಾರೆ. ನೀರುಕಾಗೆಗಳು ಅಲ್ಲಿಗೂ ಬಂದಿವೆ.

30

ಬೆಳಗಿನ ಸಫಾರಿಯಲ್ಲಿ ಆನೆಯೊಂದು ನೀರಿಗೆ ಇಳಿಯಿತು. ಹೆಣ್ಣು, ಜೊತೆಗೆ ಮರಿ. ಮರಿ ದಡದಲ್ಲಿ ನಿಂತಿತು. ತಾಯಿ ಸೊಂಡಿಲು ಹಿಂದಕ್ಕೆ ಚಾಚಿ ಕಾಯಿತು. ಮರಿ ಇಳಿಯಿತು. ಜೀಪಿನಲ್ಲಿ ಕ್ಯಾಮೆರಾಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಯಾರೂ ಸೋವುತ್ತಿರಲಿಲ್ಲ. ತಾವಾಗಿ ದಾಟಿ ಹೋದವು.

31

ಲಾಡ್ಜಿನಲ್ಲಿ, ಊರಿನ ಬಸ್ ನಿಲ್ಲುವ ಕಡೆ, ಅಂಗಡಿಗಳ ಮುಂದೆ ನೋಡಿದೆ. ಸಾಬು ಹೆಸರಿನ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಚಹಾ ಅಂಗಡಿಯ ಅಜ್ಜಿಗೆ ಕತೆ ಹೇಳಿದೆ. ಕೇಳಿ, "ಅವರವ್ವ ಏನಾದಳು?" ಎಂದಳು. ಬೇರೆ ಯಾರೂ ಕೇಳದ ಪ್ರಶ್ನೆ.

32

'ಎಲಿಫೆಂಟ್ ಬಾಯ್' 80 ನಿಮಿಷದ ಚಿತ್ರ. ಕಾರಾಪುರಕ್ಕೆ ಹೊರಡುವವರು ಹೊರಡುವ ಮುನ್ನ ನೋಡಿ. ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಹುಡುಗ ನಮ್ಮ ರಾಜ್ಯದವನು, ಅವನ ಹೆಸರು ಸಾಬು ಎಂದು ಅವರಿಗೆ ಹೇಳಿ.